ಹೆಸರಿದ್ದ ಮಾತ್ರಕ್ಕೆ ಒಡವೆ ಹಳೇದಾಗಲ್ಲ

ಅಮೆರಿಕದಲ್ಲಿರುವ ಗೆಳತಿಯರಿಂದ ನನಗೆ ಬರುವ ಮೆಸೇಜುಗಳಲ್ಲಿ ಅರ್ಧಕ್ಕರ್ಧ ಒಂದೇ ಥರ ಇರ್ತವೆ. ಎಸ್ಟೇಟ್ ಸೇಲ್‌ಗೋ ಫ್ಲೀ ಮಾರ್ಕೆಟ್ಟಿಗೋ ಹೋಗಿರ್ತಾರೆ. ಒಂದು ಬ್ರೋಚಿನ ಫೋಟೊ, ಅದರ ಹಿಂಬದಿಯಲ್ಲಿರುವ ಹೆಸರಿನ ಕ್ಲೋಸಪ್ಪು, ಕೆಳಗೆ ಒಂದು ಸಾಲು: ‘ಸೈನ್ ಇದೆ ಕಣೇ, ನಲವತ್ತರ ದಶಕದ್ದಂತೆ, ನೂರು ಡಾಲರ್ ಕೊಡಬಹುದಾ?’ ಕೊಂಡಿ ಹೇಗಿದೆ, ಹರಳು ಹೇಗೆ ಕೂರಿಸಿದ್ದಾರೆ, ಲೇಪ ಎಲ್ಲಿ ಸವೆದಿದೆ ಅಂತ ಯಾರೂ ಬರೆಯೋದಿಲ್ಲ.

ನನ್ನ ತಕರಾರು ಇಲ್ಲೇ ಶುರುವಾಗೋದು. ಹಳೇ ಕಾಸ್ಟ್ಯೂಮ್ ಜ್ಯುವೆಲರಿಯಲ್ಲಿ, ಅಂದರೆ ಗಾಜು ಮತ್ತು ಅಗ್ಗದ ಲೋಹದಿಂದ ಮಾಡಿದ ಒಡವೆಗಳಲ್ಲಿ, ಕಂಪನಿಯ ಹೆಸರು ಹಲವು ಸಾಕ್ಷಿಗಳಲ್ಲಿ ಒಂದು ಮಾತ್ರ. ನಾವೋ ಅದನ್ನೇ ತೀರ್ಪು ಅಂದುಕೊಂಡಿದ್ದೇವೆ. ಮಾರುವವರಿಗೆ ಇದರಿಂದ ಲಾಭ, ಕೊಳ್ಳುವವರಿಗೆ ಕಣ್ಣಿಗೆ ಕೆಲಸ ತಪ್ಪಿತು.

ಇದರಲ್ಲಿ ನಮ್ಮೂರಿನ ಅಭ್ಯಾಸದ ಪಾಲೂ ಇದೆ. ಒಡವೆ ಅಂದ ತಕ್ಷಣ ಎಷ್ಟು ಗ್ರಾಂ, ವೇಸ್ಟೇಜ್ ಎಷ್ಟು, ಹಾಲ್‌ಮಾರ್ಕ್ ಇದೆಯಾ ಅಂತ ಕೇಳುವ ಜನ ನಾವು. ಬಿಐಎಸ್ ಮುದ್ರೆ, ಆರು ಅಕ್ಷರದ ಎಚ್‌ಯುಐಡಿ ಕಂಡರೆ ನಮಗೆ ಸಮಾಧಾನ. ಅದು ಸರಿಯೇ. ಆ ಮುದ್ರೆಯ ಹಿಂದೆ ಪರೀಕ್ಷೆ ಇದೆ, ಕಾನೂನಿದೆ, ಕರಗಿಸಿದರೂ ಕೈಗೆ ಸಿಗುವ ಚಿನ್ನವಿದೆ. ಟ್ರಿಫಾರಿ, ಕೋರೋ, ವೈಸ್ ಅನ್ನುವ ಮುದ್ರೆಗಳ ಹಿಂದೆ ಅಂಥದ್ದೇನೂ ಇಲ್ಲ. ಕಂಪನಿ ತನ್ನ ಮಾಲಿನ ಮೇಲೆ ತಾನೇ ಒತ್ತಿಕೊಂಡ ಹೆಸರು ಅದು. ನಮ್ಮ ಉಮಾಗೋಲ್ಡ್ ಬಳೆಯನ್ನು ಯಾರೂ ತಕ್ಕಡಿಗೆ ಹಾಕಲ್ಲ. ಅಮೆರಿಕದ ಉಮಾಗೋಲ್ಡಿಗೆ ಮಾತ್ರ ಹಾಲ್‌ಮಾರ್ಕಿನ ಮರ್ಯಾದೆ ಯಾಕೆ ಸ್ವಾಮಿ?

ಕಾಲ ಗೊತ್ತುಮಾಡಬೇಕಾದರೆ ಮೊದಲು ಒಡವೆಯನ್ನು ನೋಡಿ. ಕಾಮನಬಿಲ್ಲಿನ ಬಣ್ಣಗಳಲ್ಲಿ ಹೊಳೆಯುವ ಅರೋರಾ ಬೋರಿಯಾಲಿಸ್ ಹರಳಿದೆಯಾ? ಆ ಲೇಪವನ್ನು ಸ್ವರೋವ್‌ಸ್ಕಿ ಕಂಪನಿ ಕ್ರಿಶ್ಚಿಯನ್ ಡಿಯೋರ್ ಜೊತೆ ಸೇರಿ ತಂದದ್ದು ಐವತ್ತರ ದಶಕದ ಮಧ್ಯದಲ್ಲಿ. ಹರಳನ್ನು ಆಮೇಲೆ ಬದಲಾಯಿಸಿದ್ದಲ್ಲದಿದ್ದರೆ, ಆ ಬ್ರೋಚು 1940ರದ್ದು ಅಂತ ಯಾರು ಆಣೆ ಇಟ್ಟರೂ ನಂಬಬೇಡಿ. ಹೆಸರಿನ ಪಕ್ಕ ವೃತ್ತದೊಳಗೆ ‘ಸಿ’ ಇರುವ ಕಾಪಿರೈಟ್ ಗುರುತಿದೆಯಾ? ಟ್ರಿಫಾರಿ ಕಂಪನಿ ಚಾರೆಲ್ ಎಂಬ ಕಂಪನಿಯ ಮೇಲೆ ಹೂಡಿದ್ದ ಮೊಕದ್ದಮೆಯಲ್ಲಿ, ಇಂಥ ಒಡವೆಗಳ ವಿನ್ಯಾಸಕ್ಕೂ ಕಾಪಿರೈಟ್ ಸಲ್ಲುತ್ತದೆ ಅಂತ ನ್ಯೂಯಾರ್ಕಿನ ಫೆಡರಲ್ ಕೋರ್ಟು ಹೇಳಿದ್ದು 1955ರಲ್ಲಿ. ಆ ಗುರುತು ಮಾಮೂಲಾಗಿದ್ದು ಅದಾದ ಮೇಲೆ. ಚಿನ್ನದ ಲೇಪವಿದ್ದೂ ಬೆನ್ನ ಮೇಲೆ ‘ಸ್ಟರ್ಲಿಂಗ್’ ಅಂತಿದೆಯಾ? ಯುದ್ಧಕ್ಕೆ ಬೇಕು ಅಂತ 1942ರಲ್ಲಿ ಅಮೆರಿಕ ಸರ್ಕಾರ ತವರದ ಬಳಕೆಗೆ ಕಡಿವಾಣ ಹಾಕಿದಾಗ ದೊಡ್ಡ ಕಂಪನಿಗಳೆಲ್ಲ ಬೆಳ್ಳಿಗೆ ಹೊರಳಿದವು. ಹಾಗಾಗಿ ಅದೊಂದು ಒಳ್ಳೆ ಸುಳಿವು.

ಸುಳಿವು ಅಂದೆ, ಗಮನಿಸಿ. ಪೇಟೆಂಟ್ ನಂಬರನ್ನೇ ತಗೊಳ್ಳಿ. ಕೋರೋದವರ ‘ಡ್ಯುಯೆಟ್’ ಬ್ರೋಚು ಬಿಚ್ಚಿದರೆ ಎರಡು ಕ್ಲಿಪ್ಪು, ಸೇರಿಸಿದರೆ ಒಂದು ಬ್ರೋಚು. ಅದರ ಚೌಕಟ್ಟಿನ ಮೇಲಿರುವ ನಂಬರ್ 1931ರ ಪೇಟೆಂಟಿನದು. ಅದೇ ಚೌಕಟ್ಟಿನ ಮೇಲೆ ನಲವತ್ತರ ದಶಕದಲ್ಲೂ ಹೊಸ ಹೊಸ ಹೂವು, ಹಕ್ಕಿಗಳನ್ನು ಕೂರಿಸಿ ಮಾರಿದರು. ನಂಬರ್ ಹೇಳೋದು ಚೌಕಟ್ಟಿನ ಉಪಾಯ ಯಾವಾಗಿನದು ಅಂತ. ನಿಮ್ಮ ಕೈಯಲ್ಲಿರುವ ಬ್ರೋಚು ಯಾವಾಗಿನದು ಅಂತಲ್ಲ. ಇನ್ನು ಮರುತಯಾರಿ. ಟ್ರಿಫಾರಿ ತನ್ನ ಪ್ರಸಿದ್ಧ ಕಿರೀಟದ ಬ್ರೋಚುಗಳನ್ನು 1980ರ ದಶಕದಲ್ಲಿ ಮತ್ತೆ ಮಾಡಿ ಮಾರಿತು. ಹೆಸರೂ ಅಸಲಿ, ಕಂಪನಿಯೂ ಅಸಲಿ. ನಲವತ್ತರ ದಶಕ ಮಾತ್ರ ಸುಳ್ಳು. ವೈಸ್, ಐಸೆನ್‌ಬರ್ಗ್ ಹೆಸರಲ್ಲಿ ಹೊಸದಾಗಿ ಮಾಡಿದ ನಕಲಿಗಳದ್ದು ಬೇರೆಯೇ ಕಥೆ. ನಕಲಿ ಮಾಡುವವನು ಮೊದಲು ಕಲಿಯೋದೇ ಹೆಸರು ಒತ್ತೋದನ್ನ.

ಸರಿ, ಹೆಸರು ಅಸಲಿ, ಕಾಲವೂ ಅಸಲಿ ಅಂತಲೇ ಇಟ್ಟುಕೊಳ್ಳಿ. ಬೆಲೆ ಬಂತಾ? 1949ರಲ್ಲಿ ಶುರುವಾದ ಸಾರಾ ಕವೆಂಟ್ರಿ ಕಂಪನಿ ಮನೆಮನೆಗಳಲ್ಲಿ ಪಾರ್ಟಿ ಮಾಡಿಸಿ ರಾಶಿ ರಾಶಿ ಒಡವೆ ಮಾರಿತು. ಹೆಸರೂ ಇದೆ, ವಯಸ್ಸೂ ಇದೆ. ಆದರೆ ಎಲ್ಲಿ ನೋಡಿದರೂ ಸಿಗುವುದರಿಂದ ಬಹುಪಾಲು ಇವತ್ತಿಗೂ ಅಗ್ಗ. ಅತ್ತ ಮಿರಿಯಂ ಹ್ಯಾಸ್ಕೆಲ್ 1926ರಲ್ಲಿ ನ್ಯೂಯಾರ್ಕಿನಲ್ಲಿ ಶುರುಮಾಡಿದ ಕಂಪನಿಯ ಮೊದಲ ಎರಡು ದಶಕದ ಕೆಲಸದಲ್ಲಿ ಹೆಚ್ಚಿನದಕ್ಕೆ ಹೆಸರೇ ಇಲ್ಲ. ಜಾಲರಿಯ ಮೇಲೆ ಒಂದೊಂದೇ ಮಣಿಯನ್ನು ತಂತಿಯಿಂದ ಕಟ್ಟಿದ ಆ ಕೈಕೆಲಸವನ್ನು ಗುರುತು ಹಿಡಿಯೋದು ಬೆನ್ನು ನೋಡಿಯೇ. ಡೆಲಿಝಾ ಅಂಡ್ ಎಲ್‌ಸ್ಟರ್ ಎಂಬ ನ್ಯೂಯಾರ್ಕಿನ ಕಾರ್ಖಾನೆ ದಶಕಗಳ ಕಾಲ ಬೇರೆಯವರಿಗಾಗಿ ಹೆಸರು ಹಾಕದ ಒಡವೆ ಮಾಡಿತು. ‘ಜೂಲಿಯಾನಾ’ ಅಂತ ಸಂಗ್ರಾಹಕರು ಈಗ ಮುಗಿಬಿದ್ದು ಕೊಳ್ಳೋದು ಅದನ್ನೇ. ಬಳೆಯ ಐದು ಕೊಂಡಿಗಳ ಜೋಡಣೆ, ಹರಳು ಕೂರಿಸಿದ ರೀತಿ, ಇವೇ ಅದರ ರುಜು.

ಬೆಲೆಯನ್ನು ತೀರ್ಮಾನಿಸೋದು ವಿನ್ಯಾಸ, ಸ್ಥಿತಿ, ಅಪರೂಪ, ಮತ್ತು ಇವತ್ತು ಅದು ಎಷ್ಟು ಜನಕ್ಕೆ ಬೇಕು ಅನ್ನೋದು. ಹರಳು ಮಂಕಾಗಿದ್ದರೆ, ಕೊಂಡಿ ಬದಲಾಗಿದ್ದರೆ, ಲೇಪ ಕಿತ್ತಿದ್ದರೆ ಯಾವ ಹೆಸರೂ ಕೈ ಹಿಡಿಯಲ್ಲ. ಯಾರು ತೊಟ್ಟಿದ್ದರು ಅನ್ನೋದೂ ಲೆಕ್ಕಕ್ಕೆ ಬರುತ್ತೆ. 1996ರಲ್ಲಿ ಸಾದಬೀಸ್ ಹರಾಜಿನಲ್ಲಿ ಜಾಕ್ವೆಲಿನ್ ಕೆನಡಿಯವರ ಮೂರೆಳೆಯ ನಕಲಿ ಮುತ್ತಿನ ಸರಕ್ಕೆ ಅಂದಾಜಿಸಿದ್ದು 500ರಿಂದ 700 ಡಾಲರ್, ಹೋಗಿದ್ದು 2,11,500 ಡಾಲರಿಗೆ. ಅದು ಆ ಕೊರಳಿನ ಬೆಲೆ. ನಿಮ್ಮ ಬ್ರೋಚಿನ ಬೆಲೆ ಬೇಕಾದರೆ ಅಂಥದ್ದೇ ಇನ್ನೊಂದು ಈಚೆಗೆ ನಿಜವಾಗಿ ಎಷ್ಟಕ್ಕೆ ಮಾರಾಟವಾಯಿತು ನೋಡಿ. ಮಾರುವವರು ಹೇಳುವ ಬೆಲೆ ಅವರ ಆಸೆ. ಆಸೆಗೆ ಜಿಎಸ್‌ಟಿಯೂ ಇಲ್ಲ.

‘ಎಲ್ಲರೂ ತಜ್ಞರಾಗೋಕೆ ಆಗುತ್ತಾ? ಹೆಸರಾದರೂ ಒಂದು ಆಧಾರ ಅಲ್ವಾ?’ ಅನ್ನುತ್ತೀರಿ. ಆಧಾರ ಹೌದು. ಮೂರು ಸಾವಿರದ ಇಯರ್‌ಫೋನ್ ಕೊಳ್ಳೋಕೆ ಮೂವತ್ತು ರಿವ್ಯೂ ಓದುವ ನಾವು, ಎಂಟು ಸಾವಿರದ ಬ್ರೋಚನ್ನು ಒಂದು ಭೂತಗನ್ನಡಿ ಹಿಡಿದು ಐದು ನಿಮಿಷ ನೋಡಲಾರೆವು ಅಂದರೆ ಅದು ತಜ್ಞತೆಯ ಪ್ರಶ್ನೆ ಅಲ್ಲ.

ದುಡ್ಡು ಹೋದರೆ ಹೋಗಲಿ, ಇನ್ನೊಂದು ನಷ್ಟ ನನ್ನನ್ನು ಹೆಚ್ಚು ಕಾಡುತ್ತೆ. ರೋಡ್ ಐಲೆಂಡಿನ ಪ್ರಾವಿಡೆನ್ಸ್ ಒಂದು ಕಾಲಕ್ಕೆ ಈ ಉದ್ಯಮದ ರಾಜಧಾನಿ. ಅಲ್ಲಿನ ಕಾರ್ಖಾನೆಗಳಲ್ಲಿ, ಮನೆಗಳ ಅಡುಗೆಮೇಜುಗಳಲ್ಲಿ, ಪೀಸಿಗೆ ಇಷ್ಟು ಅಂತ ಕೂಲಿ ಪಡೆದು ಹರಳು ಕೂರಿಸಿದ ಹೆಂಗಸರ ಹೆಸರು ಯಾವ ಬ್ರೋಚಿನ ಹಿಂದೆಯೂ ಇಲ್ಲ. ಅವರು ಬಿಟ್ಟುಹೋದದ್ದು ಕೆಲಸವನ್ನು ಮಾತ್ರ. ಯಾರದ್ದೋ ಅಜ್ಜಿ ಜೋಪಾನವಾಗಿಟ್ಟಿದ್ದ ಅಂಥ ಒಂದು ಒಡವೆ, ಸೈನ್ ಇಲ್ಲ ಅನ್ನುವ ಒಂದೇ ಕಾರಣಕ್ಕೆ ಒಂದು ಡಾಲರಿನ ಡಬ್ಬಕ್ಕೆ ಬಿದ್ದು, ಹರಳು ಕಿತ್ತುಕೊಳ್ಳೋಕೆ ಹೋಗುತ್ತೆ. ಪಕ್ಕದ ಗಾಜಿನ ಪೆಟ್ಟಿಗೆಯಲ್ಲಿ ಹೆಸರಿರುವ ಕಳಪೆ ಮಾಲು ಮೆರೆಯುತ್ತೆ. ಮುಂದಿನ ಸಲ ಹೋದಾಗ ಗಾಜಿನ ಪೆಟ್ಟಿಗೆ ಆಮೇಲೆ ನೋಡಿ. ಆ ಡಬ್ಬಕ್ಕೆ ಮೊದಲು ಕೈ ಹಾಕಿ.