ಅರ್ಧ ಲೀಟರ್ ಹಾಲು ನಿಮಗಿರಲಿ

ಅಕ್ಕಂದಿರೇ, ಹಸುವಿಗೆ ಹಾಲುಜ್ವರ ಬಂದರೆ ಕ್ಯಾಲ್ಸಿಯಂ ಕೊಡಿಸಲು ತಕ್ಷಣ ನನ್ನನ್ನು ಕರೆಯುತ್ತೀರಿ. ನಿಮ್ಮ ಮೂಳೆಯ ಬಗ್ಗೆ ಯೋಚಿಸಿದ್ದೀರಾ? ಮುಟ್ಟು ನಿಂತ ಮೇಲೆ ಈಸ್ಟ್ರೋಜೆನ್ ಹಾರ್ಮೋನು ಕಡಿಮೆಯಾಗಿ ಮೂಳೆ ಬೇಗ ಸವೆಯುತ್ತದೆ. ಆಗ ದಿನಕ್ಕೆ 1,200 ಮಿಲಿಗ್ರಾಂ ಕ್ಯಾಲ್ಸಿಯಂ ಬೇಕೆನ್ನುತ್ತದೆ ಐಸಿಎಂಆರ್.

ಹಾಗೆಂದು ಕೇಳಿದವರ ಮಾತಿಗೆ ಮೆಡಿಕಲ್‌ನಿಂದ ಮಾತ್ರೆ ತಂದು ನುಂಗಬೇಡಿ. ಅಮೆರಿಕದ 36,000 ಮಹಿಳೆಯರ ಮೇಲೆ ನಡೆದ, 2006ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಕ್ಯಾಲ್ಸಿಯಂ, ವಿಟಮಿನ್ ಡಿ ಮಾತ್ರೆಗಳಿಂದ ಸೊಂಟದ ಮೂಳೆ ಮುರಿತ ಹೇಳಿಕೊಳ್ಳುವಷ್ಟು ತಗ್ಗಲಿಲ್ಲ. ಮೂತ್ರಪಿಂಡದ ಕಲ್ಲು ಮಾತ್ರ ಹೆಚ್ಚಿತು. ಕೊರತೆಯಿದ್ದರೆ ವೈದ್ಯರು ಹೇಳಿದಷ್ಟೇ ತೆಗೆದುಕೊಳ್ಳಿ.

ಅರ್ಧ ಲೀಟರ್ ಹಾಲಿನಲ್ಲೇ ಬೇಕಾದ ಕ್ಯಾಲ್ಸಿಯಂನ ಸುಮಾರು ಅರ್ಧ ಸಿಗುತ್ತದೆ. ಉಳಿದದ್ದಕ್ಕೆ ರಾಗಿ, ಸೊಪ್ಪು, ಮುಳ್ಳು ಸಮೇತ ತಿನ್ನುವ ಸಣ್ಣ ಮೀನು ಇವೆ. ಹಾಲೆಲ್ಲ ಸೊಸೈಟಿಗೆ ಹಾಕಿ ನೀವು ಕಣ್ಣ ಚಾ ಕುಡಿಯಬೇಡಿ. ಒಕ್ಕೂಟದ ನೌಕರನಾಗಿಯೇ ಹೇಳುತ್ತಿದ್ದೇನೆ: ಮೊದಲು ನಿಮ್ಮ ಪಾಲು ತೆಗೆದಿಡಿ.