ಮೂಡಣ ಗಾಳಿ, ಪಡುವಣ ಗಾಳಿ

ಹೋದ ತಿಂಗಳು ಈ ಅಂಕಣ ಯಾಕೆ ಬರಲಿಲ್ಲ ಎಂದು ಹೈದರಾಬಾದಿನ ಓದುಗರೊಬ್ಬರು ಸಂಪಾದಕರನ್ನು ಕೇಳಿದ್ದರಂತೆ. ರಜೆಯಲ್ಲಿದ್ದೆ. ಹದಿನಾಲ್ಕು ದಿನ, ಮ್ಯೂನಿಕ್‌ನಲ್ಲಿ ಕೆಲಸ ಮಾಡುವ ಧಾರವಾಡದ ಗೆಳೆಯ, ಅವನದೊಂದು ಹಳೆಯ ವ್ಯಾನು. ಫ್ರಾನ್ಸಿನ ದಕ್ಷಿಣ ತೀರದಿಂದ ಸ್ಪೇನಿನ ತುದಿಗೆ, ಅಲ್ಲಿಂದ ಪೋರ್ಚುಗಲ್‌ಗೆ. ಕೆಲಸ ಒಂದೇ, ವಿಂಡ್‌ಸರ್ಫಿಂಗ್.

ಗೊತ್ತಿಲ್ಲದವರಿಗೆ ಹೇಳಿಬಿಡುತ್ತೇನೆ. ತೇಲುವ ಹಲಗೆ, ಅದರ ಮೇಲೊಂದು ಕಂಬ, ಕಂಬಕ್ಕೆ ಹಾಯಿ. ದೋಣಿಯಲ್ಲಿರುವಂತೆ ಕಂಬವನ್ನು ಗಟ್ಟಿಯಾಗಿ ನೆಟ್ಟಿರುವುದಿಲ್ಲ. ಬುಡದಲ್ಲೊಂದು ಕೀಲು ಇರುತ್ತದೆ, ಎತ್ತ ಬೇಕಾದರೂ ವಾಲುತ್ತದೆ. ಚುಕ್ಕಾಣಿ ಇಲ್ಲ. ಹಾಯಿಯನ್ನು ಮುಂದಕ್ಕೆ ವಾಲಿಸಿದರೆ ಹಲಗೆ ಗಾಳಿಯಿಂದ ಆಚೆ ತಿರುಗುತ್ತದೆ, ಹಿಂದಕ್ಕೆ ವಾಲಿಸಿದರೆ ಗಾಳಿಯತ್ತ. ಆ ಕೀಲಿಗೆ ಒಂದು ಕಥೆಯೇ ಇದೆ. ಅಮೆರಿಕದ ಹಾಯ್ಲ್ ಶ್ವೈಟ್ಜರ್ ಮತ್ತು ಜಿಮ್ ಡ್ರೇಕ್ 1968ರಲ್ಲಿ ಪೇಟೆಂಟ್‌ಗೆ ಅರ್ಜಿ ಹಾಕಿದರು. ಆದರೆ ಇಂಗ್ಲೆಂಡಿನ ಹೇಲಿಂಗ್ ದ್ವೀಪದಲ್ಲಿ ಪೀಟರ್ ಚಿಲ್ವರ್ಸ್ ಎಂಬ ಹನ್ನೆರಡು ವರ್ಷದ ಹುಡುಗ 1958ರಲ್ಲೇ ಇಂಥದ್ದೊಂದನ್ನು ಮನೆಯಲ್ಲೇ ಕಟ್ಟಿ ಆಡಿದ್ದ. 1980ರ ದಶಕದಲ್ಲಿ ಅಲ್ಲಿನ ನ್ಯಾಯಾಲಯ ಅದನ್ನೇ ಆಧಾರವಾಗಿಟ್ಟುಕೊಂಡು ಬ್ರಿಟನ್ನಿನ ಪೇಟೆಂಟನ್ನು ತಳ್ಳಿಹಾಕಿತು. ಸಾಫ್ಟ್‌ವೇರ್ ಪೇಟೆಂಟುಗಳ ಕಾಗದ ತುಂಬಿಸಿ ಸುಸ್ತಾದ ನನ್ನಂಥವರಿಗೆ ಇದು ತುಂಬ ಇಷ್ಟವಾಗುವ ಕಥೆ.

ಗಾಳಿಯನ್ನು ನಂಬಿ ಹೊರಡುವವರಿಗೆ ಮೊದಲ ತೊಡಕು ವೀಸಾ. ಷೆಂಗೆನ್ ಅರ್ಜಿಗೆ ಯಾವ ದಿನ ಯಾವ ಊರು ಎಂದು ಪಟ್ಟಿ ಕೊಡಬೇಕು, ಎಲ್ಲಿ ಹೆಚ್ಚು ದಿನ ಇರುತ್ತೀರೋ ಆ ದೇಶಕ್ಕೇ ಅರ್ಜಿ ಹಾಕಬೇಕು. "ಗಾಳಿ ಎಲ್ಲಿದ್ದರೆ ಅಲ್ಲಿ" ಎಂದು ಬರೆಯುವಂತಿಲ್ಲ. ನಾನು ಸ್ಪೇನ್ ಎಂದು ಬರೆದೆ.

ಶುರು ಮಾಡಿದ್ದು ಫ್ರಾನ್ಸಿನ ಲ್ಯೂಕಾಟ್‌ನಲ್ಲಿ. ಒಂದು ಕಡೆ ಮೆಡಿಟರೇನಿಯನ್, ಇನ್ನೊಂದು ಕಡೆ ಹಿನ್ನೀರಿನ ದೊಡ್ಡ ಸರೋವರ, ನಡುವೆ ಮರಳಿನ ಪಟ್ಟಿ. ಪಿರನೀಸ್ ಬೆಟ್ಟಗಳಿಗೂ ಫ್ರಾನ್ಸಿನ ನಡುವಿನ ಬೆಟ್ಟಸೀಮೆಗೂ ಮಧ್ಯದ ಸಂದಿಯಲ್ಲಿ ನುಗ್ಗಿ ಬರುವ ವಾಯವ್ಯದ ಗಾಳಿಗೆ ಅಲ್ಲಿ ತ್ರಾಮಾಂತಾನ್ ಎನ್ನುತ್ತಾರೆ. ಬೆಟ್ಟದಾಚೆಯದು ಎಂದು ಅರ್ಥ. ಸರೋವರದಲ್ಲಿ ಬಿದ್ದರೆ ಅದು ನಿಮ್ಮನ್ನು ಮರಳಿನ ಪಟ್ಟಿಯತ್ತಲೇ ತಳ್ಳುತ್ತದೆ, ಹೊಸಬರಿಗೆ ಭಯವಿಲ್ಲ. ಕಡಲ ಬದಿಯಲ್ಲಿ ಅದೇ ಗಾಳಿ ಒಳಕ್ಕೆ ಒಯ್ಯುತ್ತದೆ.

ಮೂರು ದಿನ ಎಲೆ ಅಲ್ಲಾಡಲಿಲ್ಲ. ವ್ಯಾನಿನ ನೆರಳಲ್ಲಿ ಕೂತು ಖಡಕ್ ರೊಟ್ಟಿ, ಶೇಂಗಾ ಚಟ್ನಿ ತಿನ್ನುತ್ತ ಗಂಟೆಗೊಮ್ಮೆ ವಿಂಡ್‌ಗುರು ನೋಡುವುದು. ನನಗೆ ಬೇಕಾದದ್ದು ಹನ್ನೆರಡರಿಂದ ಹದಿನೆಂಟು ನಾಟ್, ಅಂದರೆ ಗಂಟೆಗೆ 22ರಿಂದ 33 ಕಿ.ಮೀ. ಅಷ್ಟಿದ್ದರೆ ಹಲಗೆ ನೀರನ್ನು ಸೀಳುವುದು ಬಿಟ್ಟು ಅದರ ಮೇಲೆ ಜಾರತೊಡಗುತ್ತದೆ. ಗೋವಾದಲ್ಲಿ ಮೂರು ಚಳಿಗಾಲ ಕಲಿತದ್ದು ಆ ಜಾರುವಿಕೆಗಾಗಿ. ನಾಲ್ಕನೇ ದಿನ ಬೆಳಗ್ಗೆ ಗೆಳೆಯ ಫೋನು ತೋರಿಸಿದ. "ತರೀಫಾದಾಗ ಗಾಳಿ ಎದ್ದೈತಲೇ. ನಡಿ."

ತರೀಫಾ ಅಂದರೆ ಅಲ್ಲಿಂದ ಸಾವಿರದ ಇನ್ನೂರು ಕಿಲೋಮೀಟರಿಗೂ ಹೆಚ್ಚು. ಹೋದೆವು.

ಯುರೋಪಿನ ಮುಖ್ಯಭೂಮಿಯ ದಕ್ಷಿಣ ತುದಿ ಅದು. ಎದುರಿಗೆ ಜಿಬ್ರಾಲ್ಟರ್ ಜಲಸಂಧಿ, ಅತಿ ಕಿರಿದಾದ ಕಡೆ ಸುಮಾರು 14 ಕಿ.ಮೀ., ಆಚೆ ಮೊರಾಕ್ಕೊದ ಬೆಟ್ಟಗಳು ಬರಿಗಣ್ಣಿಗೇ ಕಾಣುತ್ತವೆ. ಎರಡೂ ಕಡೆ ಬೆಟ್ಟ, ನಡುವೆ ಇಕ್ಕಟ್ಟು. ಗಾಳಿ ಆಲಿಕೆಯಲ್ಲಿ ಹೊಯ್ದಂತೆ ಬರುತ್ತದೆ. ಗುಡ್ಡದ ಸಾಲಿನ ತುಂಬ ಗಾಳಿಯಂತ್ರಗಳು. ವಾಲ್ದೆವಾಕೆರೋಸ್ ಎಂಬ ತೀರದಲ್ಲಿ ಮರಳದಿಬ್ಬವೇ ಹೊರಟು ರಸ್ತೆಗೆ ಬರುತ್ತದೆ, ಮತ್ತೆ ಮತ್ತೆ ಯಂತ್ರ ತಂದು ಎತ್ತಿಹಾಕುತ್ತಾರೆ.

ಅಲ್ಲಿ ಗಾಳಿಗಳು ಎರಡು. ಪೂರ್ವದ್ದು ಲೆವಾಂತೆ, ಪಶ್ಚಿಮದ್ದು ಪೋನಿಯೆಂತೆ. ಸೂರ್ಯ ಏಳುವ ಕಡೆಯದು, ಮುಳುಗುವ ಕಡೆಯದು. ನಮ್ಮ ಮೂಡಣ, ಪಡುವಣಗಳೂ ಹಾಗೇ ಹುಟ್ಟಿದ್ದು: ಮೂಡುವುದು, ಪಡುವುದು. ಸ್ಪ್ಯಾನಿಷ್ ಬಾರದ ನನಗೆ ಆ ದೇಶದಲ್ಲಿ ತಾನಾಗಿ ತಿಳಿದ ಎರಡೇ ಪದ ಅವು.

ನಾವು ಹೋದಾಗ ಎದ್ದಿದ್ದು ಮೂಡಣ ಗಾಳಿ, ಮೂವತ್ತೈದು ನಾಟ್. ಲಾಸ್ ಲಾನ್ಸೆಸ್ ತೀರದಲ್ಲಿ ಅದು ನೆಲದಿಂದ ಕಡಲಿಗೆ ಬೀಸುತ್ತದೆ. ಗೆಳೆಯನದು ಸ್ವಂತ ಬೋರ್ಡು, ನನ್ನದು ಹೋದಲ್ಲಿ ಬಾಡಿಗೆ. ಅಂಗಡಿಯಾಕೆ ಕೊಡಲಿಲ್ಲ. ಇವನು ವಾದಕ್ಕೆ ನಿಂತ. ಎರಡು ದಿನ ಗಾಡಿ ಓಡಿಸಿದ್ದೇವೆ, ಇನ್ನುಳಿದಿರುವುದು ಕೆಲವೇ ದಿನ, ಹೆಚ್ಚೆಂದರೆ ಎದುರಿನ ಆಫ್ರಿಕಾ ಮುಟ್ಟುತ್ತೇವೆ ಅಷ್ಟೇ ಎಂದು ನಗೆಯಾಡಿದ. ಆಕೆ ನಗಲಿಲ್ಲ. "ಈ ಗಾಳಿ ಆಫ್ರಿಕಾಕ್ಕೆ ಒಯ್ಯುವುದಿಲ್ಲ. ಅಟ್ಲಾಂಟಿಕ್‌ಗೆ ಒಯ್ಯುತ್ತದೆ" ಎಂದಳು. ಆಮೇಲೆ, ಸಮಯವಿದ್ದರೆ ಊರ ಸ್ಮಶಾನ ನೋಡಿ ಬನ್ನಿ ಎಂದೂ ಹೇಳಿದಳು.

ಸಮಯವಲ್ಲದೆ ಬೇರೇನಿತ್ತು? ಹೋದೆವು. ಹೆಸರಿಲ್ಲದ ಸಮಾಧಿಗಳಿವೆ ಅಲ್ಲಿ. 1988ರ ನವೆಂಬರ್ 1ರಂದು ಮೊರಾಕ್ಕೊದಿಂದ ಹೊರಟ ಸಣ್ಣ ದೋಣಿಯೊಂದು ತರೀಫಾ ಬಳಿ ಮುಳುಗಿ ಹತ್ತಕ್ಕೂ ಹೆಚ್ಚು ಜನ ಸತ್ತರು. ಹೆಣಗಳು ತೇಲಿಬಂದದ್ದು ಅದೇ ಲಾಸ್ ಲಾನ್ಸೆಸ್ ತೀರಕ್ಕೆ. ಕೆಲಸ ಹುಡುಕಿ ಹೊರಟವರು. ಆಮೇಲಿನ ವರ್ಷಗಳಲ್ಲಿ ಅಂಥ ದೋಣಿಗಳು ಎಷ್ಟೋ ಬಂದವು. ಯಾರೆಂದು ಗುರುತೇ ಸಿಗದವರನ್ನು ಊರವರು ಇಲ್ಲಿ ಮಣ್ಣು ಮಾಡಿದ್ದಾರೆ.

ತರೀಫಾದಿಂದ ಮೊರಾಕ್ಕೊದ ಟಾಂಜಿಯರ್‌ಗೆ ಹಡಗಿದೆ, ಸುಮಾರು ಒಂದು ಗಂಟೆಯ ಹಾದಿ. ಟಿಕೆಟ್ ಮತ್ತು ಸರಿಯಾದ ಪಾಸ್‌ಪೋರ್ಟ್ ಇದ್ದವರಿಗೆ. ನನ್ನದರಲ್ಲಿ ಆಟವಾಡಲು ಬಂದವನಿಗೆ ಕೊಟ್ಟ ವೀಸಾ ಇತ್ತು. ನಮ್ಮ ಅಪ್ಪ ಗದಗದಿಂದ ಪುಣೆಗೆ ಕೆಲಸ ಹುಡುಕಿಕೊಂಡು ಬಂದದ್ದು ರೈಲಿನಲ್ಲಿ, ಕೈಯಲ್ಲಿ ಒಂದು ಟ್ರಂಕು. ಯಾರೂ ಕಾಗದ ಕೇಳಲಿಲ್ಲ. ಗೆಳೆಯ ತುಂಬ ಹೊತ್ತು ಮಾತಾಡಲಿಲ್ಲ. ಸಂಜೆ ತಾನೇ ತನ್ನ ಹಾಯಿ ಬಿಚ್ಚಿ ಸುತ್ತಿಟ್ಟ. "ನಾಳಿ ನೋಡೋಣಂತ" ಎಂದ, ಅಷ್ಟೇ.

ಲೆವಾಂತೆ ಇನ್ನೂ ಎರಡು ದಿನ ಬೀಸಿತು. ಅದು ಬೀಸುತ್ತಲೇ ಇದ್ದರೆ ತಲೆ ಕೆಡುತ್ತದೆ ಎಂದು ಆ ಸೀಮೆಯಲ್ಲಿ ಹೇಳುತ್ತಾರೆ. ರಾತ್ರಿಯಿಡೀ ವ್ಯಾನಿನ ತಗಡು ಬಡಿದುಕೊಳ್ಳುವಾಗ ನಂಬಿದೆ.

ಮೂರನೇ ದಿನ ಗಾಳಿ ತಿರುಗಿತು. ಪಡುವಣದ್ದು, ಹದಿನೈದು ನಾಟ್, ಕಡಲಿನಿಂದ ದಡಕ್ಕೆ. ಅಂಗಡಿಯಾಕೆ ತಾನೇ 5.3 ಚದರ ಮೀಟರಿನ ಹಾಯಿ ಕಟ್ಟಿಕೊಟ್ಟಳು. ಮೂರು ಗಂಟೆ ನೀರಿನಲ್ಲಿದ್ದೆ. ಹಲಗೆ ಮೇಲೆದ್ದು ಜಾರತೊಡಗಿದಾಗ ಕಾಲಡಿಯ ಸದ್ದು ಬದಲಾಗುತ್ತದೆ, ದಪದಪ ನಿಂತು ಸುಯ್ ಎನ್ನುತ್ತದೆ. ಹಾಯಿಯ ಪಾರದರ್ಶಕ ಕಿಟಕಿಯೊಳಗಿಂದ ಮೊರಾಕ್ಕೊ ಕಾಣುತ್ತಿತ್ತು. ಎಂಥ ಸುಖ ಅಂದರೆ, ಒಂದೊಂದು ಸಲ ಅದು ಮರೆತೂ ಹೋಗುತ್ತಿತ್ತು. ಮತ್ತೆ ತಿರುಗಿಸುವಾಗ ಎದುರಿಗೇ ಇರುತ್ತಿತ್ತು.

ಪೋರ್ಚುಗಲ್ಲಿನ ಬಗ್ಗೆ ಹೇಳುವಂಥದ್ದೇನಿಲ್ಲ. ಲಿಸ್ಬನ್ ಹತ್ತಿರದ ಗಿಂಶೊ ತೀರದಲ್ಲಿ ಬೇಸಿಗೆಯ ಬಡಗಣ ಗಾಳಿಗೆ ನೊರ್ತಾದ ಎನ್ನುತ್ತಾರೆ. ಅದರ ಅಲೆ ನನ್ನ ಮಟ್ಟದ್ದಲ್ಲ. ಗೆಳೆಯ ಆಡಿದ, ನಾನು ದಡದಲ್ಲಿ ಕೂತು ಕಾಫಿ ಕುಡಿದೆ.

ಖರ್ಚೆಷ್ಟಾಯಿತು ಎಂದು ಕೇಳುವವರಿಗೆ: ವಿಮಾನ, ಡೀಸೆಲ್, ಬಾಡಿಗೆ ಸೇರಿ ಎರಡು ತಿಂಗಳ ಮನೆ ಕಂತಿಗಿಂತ ಹೆಚ್ಚು. ಹದಿನಾಲ್ಕು ದಿನಗಳಲ್ಲಿ ನಾನು ನೀರಿಗಿಳಿದದ್ದು ನಾಲ್ಕೇ ದಿನ. ಕಲಿಯಬೇಕೆನ್ನುವವರು ಮೊದಲು ಈಜು ಕಲಿಯಿರಿ. ಪುಣೆಯಲ್ಲಿರುವವರಿಗೆ ಮಹಾನಗರ ಪಾಲಿಕೆಯ ಈಜುಕೊಳಗಳಿವೆ, ಬೆಳಗಿನ ಪಾಳಿಗೆ ಹೋಗಿ.