ಅಡುಗೆಯವ ಬದಲಾದ, ಕೋಳಿಗಳು ಚೇತರಿಸಿಕೊಂಡವು

ಜಾವಾ ದ್ವೀಪ ಡಚ್ಚರ ಆಳ್ವಿಕೆಯಲ್ಲಿದ್ದ ಕಾಲ. 1890ರ ಆಸುಪಾಸು. ಬಟಾವಿಯಾದಲ್ಲಿ, ಅಂದರೆ ಇಂದಿನ ಜಕಾರ್ತದಲ್ಲಿ, ಕ್ರಿಸ್ಟಿಯಾನ್ ಐಕ್‌ಮನ್ ಎಂಬ ಸೇನಾ ವೈದ್ಯ ಬೆರಿಬೆರಿ ರೋಗದ ಬೆನ್ನು ಹತ್ತಿದ್ದ. ಕಾಲು ಜೋಮು ಹಿಡಿದು, ನಡಿಗೆ ತಪ್ಪಿ, ಕೊನೆಗೆ ಹೃದಯ ಸೋತು ಸೈನಿಕರೂ ಕೈದಿಗಳೂ ಸಾಯುತ್ತಿದ್ದ ರೋಗ ಅದು. ರೋಗಾಣುಗಳ ಪತ್ತೆಯೇ ವೈದ್ಯಲೋಕದ ದೊಡ್ಡ ಸುದ್ದಿಯಾಗಿದ್ದ ದಿನಗಳಾದ್ದರಿಂದ ಐಕ್‌ಮನ್ ಕೂಡ ರೋಗಾಣುವನ್ನೇ ಹುಡುಕಿದ. ರೋಗಿಗಳ ರಕ್ತವನ್ನು ಕೋಳಿಗಳಿಗೆ ಚುಚ್ಚಿದ. ಕೋಳಿಗಳ ಕಾಲು ಸೋತವು. ನಿಲ್ಲಲಾರದೆ ಪಕ್ಕಕ್ಕೆ ಉರುಳತೊಡಗಿದವು. ಕಾರಣ ಸಿಕ್ಕಿತು ಎನ್ನುವಷ್ಟರಲ್ಲಿ ತೊಡಕೊಂದು ಎದುರಾಯಿತು. ಏನನ್ನೂ ಚುಚ್ಚದೆ ಹೋಲಿಕೆಗೆಂದು ಬಿಟ್ಟಿದ್ದ ಕೋಳಿಗಳೂ ಹಾಗೆಯೇ ಉರುಳುತ್ತಿದ್ದವು. ಮುಂದೆ ನವೆಂಬರ್ ಕೊನೆಯ ಹೊತ್ತಿಗೆ, ಯಾರೂ ಔಷಧಿ ಕೊಡದಿದ್ದರೂ, ಬದುಕುಳಿದ ಕೋಳಿಗಳೆಲ್ಲ ಚೇತರಿಸಿಕೊಂಡವು!

ವಿಚಾರಿಸಿದಾಗ ಹೊರಬಿದ್ದ ಸಂಗತಿ ಸ್ವಾರಸ್ಯಕರ. ಖರ್ಚು ಉಳಿಸಲೆಂದು ಪ್ರಯೋಗಾಲಯದ ಸಹಾಯಕ ಸೇನಾ ಆಸ್ಪತ್ರೆಯ ಅಡುಗೆಮನೆಯಲ್ಲಿ ಮಿಕ್ಕ ಬಿಳಿ ಅನ್ನವನ್ನು ತಂದು ಕೋಳಿಗಳಿಗೆ ಹಾಕುತ್ತಿದ್ದ. ನವೆಂಬರಿನಲ್ಲಿ ಅಡುಗೆಯವ ಬದಲಾದ. ಸೇನೆಯ ಅನ್ನ ಸೇನೆಗೆ ಸೇರದ ಕೋಳಿಗಳಿಗೇಕೆ ಎಂದು ಹೊಸಬ ಕೊಡಲೊಪ್ಪಲಿಲ್ಲ. ಕೋಳಿಗಳು ಮತ್ತೆ ತೌಡು ತೆಗೆಯದ ಅಕ್ಕಿಗೆ ಮರಳಿದವು, ಕಾಲು ಗಟ್ಟಿಯಾದವು.

ಸಂಶೋಧನೆಯ ಪುಸ್ತಕಗಳಲ್ಲಿ 'ಸ್ವತಂತ್ರ ಚರ', 'ಅವಲಂಬಿತ ಚರ' ಎಂಬ ಎರಡು ಮಾತುಗಳು ಆರಂಭದಲ್ಲೇ ಎದುರಾಗುತ್ತವೆ. ವ್ಯಾಖ್ಯೆಯನ್ನು ಬಾಯಿಪಾಠ ಮಾಡಿ ಪರೀಕ್ಷೆಯಲ್ಲಿ ಬರೆದು ಮರೆತುಬಿಡುವವರೇ ಹೆಚ್ಚು. ಚರ ಎಂದರೆ ಬದಲಾಗಬಲ್ಲದ್ದು. ಯಾವುದನ್ನು ಬದಲಿಸಿ ನೋಡುತ್ತೇವೆಯೋ ಅದು ಸ್ವತಂತ್ರ ಚರ. ಅದರಿಂದಾಗಿ ಏನು ಬದಲಾಯಿತೆಂದು ಅಳೆಯುತ್ತೇವೆಯೋ ಅದು ಅವಲಂಬಿತ ಚರ. ಇಲ್ಲಿ ಅವಲಂಬಿತ ಚರವಾದ ಕೋಳಿಯ ಕಾಲಿನ ಬಲ ಕಣ್ಣೆದುರೇ ಇತ್ತು. ಸ್ವತಂತ್ರ ಚರ ಮಾತ್ರ ತಾನು ಚುಚ್ಚಿದ ರಕ್ತವೆಂದು ಐಕ್‌ಮನ್ ತಿಳಿದಿದ್ದ. ಅವನ ಅರಿವಿಗೆ ಬಾರದೆ ಬದಲಾಗುತ್ತಿದ್ದದ್ದು ಅಕ್ಕಿ. ತೊಂದರೆ ಬರುವುದು ಬಹಳ ಸಲ ಇಲ್ಲಿಯೇ. ಒಂದನ್ನು ಬದಲಿಸುತ್ತಿದ್ದೇವೆ ಎಂದುಕೊಂಡಾಗ ಅದರ ಜೊತೆಗೆ ಇನ್ನೂ ನಾಲ್ಕು ಸದ್ದಿಲ್ಲದೆ ಬದಲಾಗಿರುತ್ತವೆ.

ಕೋಳಿಗೆ ಆದದ್ದು ಮನುಷ್ಯನಿಗೂ ಆಗುತ್ತದೆಯೆ? ಜಾವಾದ ಆರೋಗ್ಯಾಧಿಕಾರಿ ಅಡಾಲ್ಫ್ ಫೋರ್ಡರ್‌ಮನ್ ಇದಕ್ಕೆ ಉತ್ತರ ಹುಡುಕಲು ಜೈಲುಗಳತ್ತ ತಿರುಗಿದ. ಆಯಾ ಸೀಮೆಯ ವಾಡಿಕೆಯಂತೆ ಒಂದೊಂದು ಜೈಲಿನಲ್ಲಿ ಒಂದೊಂದು ಬಗೆಯ ಅಕ್ಕಿ ಬಳಕೆಯಲ್ಲಿತ್ತು. 101 ಜೈಲುಗಳ, ಸುಮಾರು 2 ಲಕ್ಷ 80 ಸಾವಿರ ಕೈದಿಗಳ ಲೆಕ್ಕವನ್ನು ಅವನು ಕಲೆಹಾಕಿದ. ಬಿಳಿ ಅಕ್ಕಿ ತಿನ್ನುವವರಲ್ಲಿ 39 ಮಂದಿಗೆ ಒಬ್ಬನಂತೆ ಬೆರಿಬೆರಿ ಇದ್ದರೆ, ತೌಡು ಉಳಿದ ಅಕ್ಕಿ ತಿನ್ನುವವರಲ್ಲಿ 10 ಸಾವಿರಕ್ಕೆ ಒಬ್ಬನೂ ಇರಲಿಲ್ಲ. ಕಟ್ಟಡ ಹಳೆಯದೋ ಹೊಸದೋ, ಗಾಳಿ ಬರುತ್ತದೆಯೋ ಇಲ್ಲವೋ, ಜನ ಕಿಕ್ಕಿರಿದಿದ್ದಾರೆಯೋ ಎಂಬುದನ್ನೂ ಅವನು ಬರೆದಿಟ್ಟುಕೊಂಡಿದ್ದ. ಅವು ಈ ಅಂತರಕ್ಕೆ ಕಾರಣವಾಗಿ ಕಾಣಲಿಲ್ಲ.

ಆದರೂ ಅಕ್ಕಿಯನ್ನು ಫೋರ್ಡರ್‌ಮನ್ ತಾನಾಗಿ ಬದಲಿಸಿರಲಿಲ್ಲ. ಇದ್ದದ್ದನ್ನು ನೋಡಿದ್ದ, ಅಷ್ಟೆ. ಸಮೀಕ್ಷೆಗೂ ಪ್ರಯೋಗಕ್ಕೂ ಇರುವ ಅಂತರ ಇದು. ಬಿಳಿ ಅಕ್ಕಿಯ ಜೈಲುಗಳಲ್ಲಿ ಅವನ ಪಟ್ಟಿಗೆ ಸೇರದ ಬೇರೇನೋ ಇತ್ತು ಎಂದು ವಾದಿಸಲು ಜಾಗವಿತ್ತು, ವಾದಿಸಿದವರೂ ಇದ್ದರು.

ಆ ಜಾಗವನ್ನು ಬಹುಮಟ್ಟಿಗೆ ಮುಚ್ಚಿದ್ದು ಮಲಯಾದ ಕೌಲಾಲಂಪುರದ ಮಾನಸಿಕ ಆಸ್ಪತ್ರೆ. 1905ರ ಡಿಸೆಂಬರಿನಲ್ಲಿ ವಿಲಿಯಂ ಫ್ಲೆಚರ್ ಎಂಬ ವೈದ್ಯ ಅಲ್ಲಿನ ರೋಗಿಗಳನ್ನು ಸಾಲಾಗಿ ನಿಲ್ಲಿಸಿ ಎಣಿಸಿದ. ಬೆಸ ಸಂಖ್ಯೆಯವರು ಒಂದು ಕಟ್ಟಡಕ್ಕೆ, ಸಮ ಸಂಖ್ಯೆಯವರು ಅದೇ ಬಗೆಯ ಇನ್ನೊಂದು ಕಟ್ಟಡಕ್ಕೆ. ಒಂದು ಗುಂಪಿಗೆ ಸಯಾಮಿನ ಬಿಳಿ ಅಕ್ಕಿ, ಇನ್ನೊಂದಕ್ಕೆ ಭಾರತದ ಕುಚ್ಚಲಕ್ಕಿ. ಉಳಿದ ಊಟವೆಲ್ಲ ಒಂದೇ. ಆರು ತಿಂಗಳಾದ ಮೇಲೆ ಅವನು ಮಾಡಿದ ಕೆಲಸವನ್ನು ವಿದ್ಯಾರ್ಥಿಗಳು ಗಮನಿಸಬೇಕು. ಅಕ್ಕಿಯನ್ನು ಹಾಗೆಯೇ ಇಟ್ಟು ಎರಡೂ ಗುಂಪುಗಳ ಕಟ್ಟಡವನ್ನು ಅದಲುಬದಲು ಮಾಡಿದ. ರೋಗ ಕಟ್ಟಡದಲ್ಲಿದ್ದರೆ ಕಟ್ಟಡದಲ್ಲೇ ಉಳಿಯಬೇಕು, ಅಕ್ಕಿಯಲ್ಲಿದ್ದರೆ ಗುಂಪಿನೊಂದಿಗೆ ಹೋಗಬೇಕು. ಅದು ಗುಂಪಿನೊಂದಿಗೆ ಹೋಯಿತು. ಬಿಳಿ ಅಕ್ಕಿಯ 120 ಮಂದಿಯಲ್ಲಿ 30ಕ್ಕೂ ಹೆಚ್ಚು ಜನರಿಗೆ ಬೆರಿಬೆರಿ ಬಂತು, 18 ಮಂದಿ ಸತ್ತರು. ಕುಚ್ಚಲಕ್ಕಿಯ 123 ಮಂದಿಯಲ್ಲಿ ರೋಗವಿದ್ದದ್ದು ಇಬ್ಬರಿಗೆ. ಅವರೂ ಆಸ್ಪತ್ರೆಗೆ ಬರುವಾಗಲೇ ಅದನ್ನು ಹೊತ್ತು ಬಂದವರು.

ಹೌದು ಅಲ್ಲ ಎನ್ನಲಾರದ ರೋಗಿಗಳ ಮೇಲೆ ನಡೆದ ಈ ಪ್ರಯೋಗವನ್ನು ಇಂದು ಯಾವ ನೀತಿ ಸಮಿತಿಯೂ ಒಪ್ಪುವುದಿಲ್ಲ, ಒಪ್ಪಲೂಬಾರದು. ವಿಧಾನ ಎಷ್ಟೇ ಅಚ್ಚುಕಟ್ಟಾಗಿದ್ದರೂ ಆ 18 ಜೀವಗಳ ಲೆಕ್ಕ ಅದರೊಳಗೇ ಇದೆ.

ಕರಾವಳಿಯವರಿಗೆ ಕುಚ್ಚಲಕ್ಕಿಯ ಪರಿಚಯ ಮಾಡಿಸಬೇಕಿಲ್ಲ. ಭತ್ತವನ್ನು ನೆನೆಸಿ, ಬೇಯಿಸಿ, ಒಣಗಿಸುವಾಗ ಹೊರಪದರದ ಥಯಾಮಿನ್, ಅಂದರೆ ಬಿ1 ಜೀವಸತ್ವ, ಒಂದಷ್ಟು ಕಾಳಿನೊಳಕ್ಕೆ ಇಳಿಯುತ್ತದೆ; ಆಮೇಲೆ ತೌಡು ತೆಗೆದರೂ ಉಳಿಯುತ್ತದೆ. ಐಕ್‌ಮನ್‌ಗೆ ಇದು ಹೊಳೆದಿರಲಿಲ್ಲ. ಬಿಳಿ ಅಕ್ಕಿಯಲ್ಲಿ ವಿಷವಿದೆ, ತೌಡು ಅದನ್ನು ಮುರಿಯುತ್ತದೆ ಎಂದು ಅವನು ಬಗೆದಿದ್ದ. ರೋಗ ಬರುವುದು ಇಲ್ಲದ ಒಂದು ವಸ್ತುವಿನಿಂದ ಎಂದು 1901ರಲ್ಲಿ ತೋರಿಸಿದ್ದು ಅವನ ಉತ್ತರಾಧಿಕಾರಿ ಗೆರಿಟ್ ಗ್ರಿನ್ಸ್. ಸ್ವತಂತ್ರ ಚರವನ್ನು ಸರಿಯಾಗಿ ಹಿಡಿದ ಮೇಲೂ ಅದು ಏಕೆ ಕೆಲಸ ಮಾಡುತ್ತದೆ ಎಂಬ ವಿವರಣೆ ತಪ್ಪಾಗಬಹುದು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕೆ? 1929ರ ನೊಬೆಲ್ ಬಹುಮಾನದ ಪಾಲು ಮಾತ್ರ ಐಕ್‌ಮನ್‌ಗೆ ಸಿಕ್ಕಿತು, ಗ್ರಿನ್ಸ್‌ಗಲ್ಲ.

ಇನ್ನೊಂದು ಗೊಂದಲ. ಒಂದು ಚರ ಹುಟ್ಟಿನಿಂದಲೇ ಸ್ವತಂತ್ರವೂ ಅಲ್ಲ, ಅವಲಂಬಿತವೂ ಅಲ್ಲ. ಅಕ್ಕಿಯನ್ನು ಎಷ್ಟು ಸಲ ತೊಳೆದರೆ ಎಷ್ಟು ಥಯಾಮಿನ್ ಉಳಿಯುತ್ತದೆ ಎಂದು ಕೇಳಿದರೆ ಥಯಾಮಿನ್ ಅವಲಂಬಿತ ಚರ. ಎಷ್ಟು ಥಯಾಮಿನ್ ಇದ್ದರೆ ರೋಗ ಬರುವುದಿಲ್ಲ ಎಂದು ಕೇಳಿದರೆ ಅದೇ ಸ್ವತಂತ್ರ ಚರ. ನಕ್ಷೆ ಬರೆಯುವಾಗ ಸ್ವತಂತ್ರ ಚರವನ್ನು ಅಡ್ಡ ಅಕ್ಷದಲ್ಲಿ ಗುರುತಿಸುವುದು ವಾಡಿಕೆ.

ಶಾಲೆಯ ವಿಜ್ಞಾನ ವಸ್ತುಪ್ರದರ್ಶನದಲ್ಲಿ ಮೆಂತ್ಯದ ಎರಡು ಕುಂಡಗಳು ಇದ್ದೇ ಇರುತ್ತವೆ: ಒಂದಕ್ಕೆ ಗೊಬ್ಬರ, ಇನ್ನೊಂದಕ್ಕಿಲ್ಲ. ಅಪ್ಪ ತಂದುಕೊಟ್ಟ ಕುಂಡಗಳಲ್ಲಿ ಒಂದು ದೊಡ್ಡದು, ಒಂದು ಚಿಕ್ಕದು. ಗೊಬ್ಬರದ್ದು ಕಿಟಕಿಯ ಬಳಿ, ಇನ್ನೊಂದು ಒಳಗೆ. ಎರಡು ವಾರದ ಬಳಿಕ ಸ್ಕೇಲಿಟ್ಟು ಎಷ್ಟು ನಿಖರವಾಗಿ ಅಳೆದರೂ ಗೆದ್ದದ್ದು ಗೊಬ್ಬರವೋ ಬಿಸಿಲೋ ಮಣ್ಣೋ ತಿಳಿಯದು. ಒಂದೇ ಅಳತೆಯ ಹತ್ತಾರು ಲೋಟಗಳಲ್ಲಿ ಬಿತ್ತಿ, ಚೀಟಿ ಎತ್ತಿ ಯಾವುದಕ್ಕೆ ಗೊಬ್ಬರವೆಂದು ನಿರ್ಧರಿಸಿ, ದಿನಕ್ಕೊಮ್ಮೆ ಲೋಟಗಳ ಜಾಗ ಬದಲಿಸಿದರೆ ಖರ್ಚೇನೂ ಹೆಚ್ಚುವುದಿಲ್ಲ.

ಪೋಷಕರಿಗೂ ಇದೇ ಪರೀಕ್ಷೆ ಪ್ರತಿ ಜೂನ್‌ನಲ್ಲಿ ಬರುತ್ತದೆ. ಪಕ್ಕದ ಮನೆಯ ಹುಡುಗ ಟ್ಯೂಷನ್‌ಗೆ ಸೇರಿದ, ಅಂಕ ಹೆಚ್ಚಿತು ಎಂಬ ಸುದ್ದಿ ಕಿವಿಗೆ ಬಿದ್ದಾಗ ಕೇಳಬೇಕಾದ ಪ್ರಶ್ನೆಗಳಿವೆ. ಆ ವರ್ಷ ಅವನ ಮನೆಯಲ್ಲಿ ಟಿವಿ ಎಷ್ಟು ಹೊತ್ತು ಓಡುತ್ತಿತ್ತು? ಓದಲು ಬೇರೆ ಕೋಣೆ ಸಿಕ್ಕಿತ್ತೆ? ಅದೇ ಟ್ಯೂಷನ್‌ಗೆ ಹೋಗಿಯೂ ಅಂಕ ಏರದವರು ಎಷ್ಟು ಮಂದಿ?